ಖಾಲಿ ಖೋಲಿಯ ಪಟ್ಟಿ ಯಾರ ಕೈಯಲ್ಲಿರಬೇಕು?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮನೆಯ ದಲ್ಲಾಳಿಗಳು ತಮ್ಮ ಕೈಯಲ್ಲಿರುವ ಖಾಲಿ ಮನೆಗಳ ಪಟ್ಟಿಯನ್ನು ಇಂಟರ್ನೆಟ್ಟಿನ ಪೋರ್ಟಲುಗಳಿಗೆ ಕೊಡಬೇಕೇ, ಕೊಡಕೂಡದೇ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಇದು ದಲ್ಲಾಳಿಗಳು ತಮ್ಮೊಳಗೆ ತೀರ್ಮಾನಿಸಿಕೊಳ್ಳತಕ್ಕ ಮಾತು, ದೋಸೆಯ ಕಾವಲಿಯ ಮುಂದೆ ನಿಂತವನಿಗೂ ಮಗ್ಗದ ಮುಂದೆ ಆಯುಷ್ಯ ಕಳೆದವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೆಲವರಿಗೆ ತೋರಬಹುದು. ಆದರೆ ಈ ಮುಂಬಯಿಯಲ್ಲಿ ಅನ್ನಕ್ಕಿಂತ ಖೋಲಿ ದುರ್ಲಭವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಖೋಲಿ ಎಲ್ಲಿ ಖಾಲಿಯಿದೆ ಎಂಬ ಸುದ್ದಿ ಯಾರ ಕೈಯಲ್ಲಿದೆಯೋ ಅವನ ಮುಂದೆ ನಾವು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದುದರಿಂದ ಈ ಪ್ರಶ್ನೆ ದಲ್ಲಾಳಿಗೆ ಎಷ್ಟು ಸಂಬಂಧಪಟ್ಟಿದೆಯೋ ನಮಗೂ ಅಷ್ಟೇ ಸಂಬಂಧಪಟ್ಟಿದೆ.

ನಮ್ಮ ಹೋಟೆಲಿನ ಹುಡುಗರು ಊರಿನಿಂದ ಬಂದ ಹೊಸದರಲ್ಲಿ ಹೋಟೆಲಿನಲ್ಲೇ ಮಲಗುತ್ತಾರೆ. ಆಗ ಖೋಲಿಯ ಚಿಂತೆಯಿಲ್ಲ. ಮದುವೆಯಾಗಿ ಹೆಂಡತಿಯನ್ನು ಕರೆತರಬೇಕೆಂದಾಗ, ತಾಯಿಯನ್ನು ಇಲ್ಲಿಯ ಆಸ್ಪತ್ರೆಗೆ ತೋರಿಸಬೇಕೆಂದಾಗ, ಮಗನನ್ನು ಇಲ್ಲಿಯ ಶಾಲೆಗೆ ಹಾಕಬೇಕೆಂದಾಗ ಆ ಚಿಂತೆ ಎದುರಿಗೆ ಬಂದು ನಿಲ್ಲುತ್ತದೆ. ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಮನೆ ಸಿಕ್ಕಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 50,000 ರೂಪಾಯಿ ಡಿಪಾಜಿಟ್ಟು. ರೂಢಿಯಂತೆ ಒಂದು ತಿಂಗಳ ಬಾಡಿಗೆ ದಲ್ಲಾಳಿಗೆ. ಮೊದಲ ತಿಂಗಳ ಬಾಡಿಗೆ ಮುಂಗಡ. ಬೀಗದ ಕೈ ಕೈಗೆ ಬರುವ ಮೊದಲೇ 80,000 ರೂಪಾಯಿ ಎಣಿಸಬೇಕು. ಹನ್ನೊಂದು ತಿಂಗಳ ಕರಾರು ಮುಗಿದು ಮಾಲಿಕನು ಏಳೆಂದರೆ ಮತ್ತೆ ಬೇರೆ ಮನೆ, ಮತ್ತೆ ದಲ್ಲಾಳಿ. ಹನ್ನೊಂದು ತಿಂಗಳಿಗೆ ಹನ್ನೆರಡು ತಿಂಗಳ ಬಾಡಿಗೆ ಕೊಟ್ಟಂತಾಯಿತು. ಈ ಹಣ ಎಲ್ಲಿಂದ ಬರುತ್ತದೆ? ಊರಿನಲ್ಲಿ ಹೆಂಡತಿಯ ಬಳೆ ಒತ್ತೆಗೆ ಹೋಗುತ್ತದೆ.

ಸುದ್ದಿಯನ್ನು ಗುಟ್ಟಾಗಿಡುವ ವ್ಯಾಪಾರ ಈ ನಗರದಲ್ಲಿ ಹೊಸದಲ್ಲ. ಲಾಲ್‌ಬಾಗ್, ಪರೇಲ್, ವರಳಿಯ ಚಾಳುಗಳಲ್ಲಿ ಬಾಳಿದ ನಮ್ಮ ಹಿರಿಯರಿಗೆ ಪಗಡಿಯ ವಿಷಯ ಬಿಡಿಸಿ ಹೇಳಬೇಕಿಲ್ಲ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾನೂನು ಬಹುಮಟ್ಟಿಗೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಆಧಾರವಾಗಿಟ್ಟುಕೊಂಡಿತು. ಬಾಡಿಗೆಯ ಹೊರತು ಪಗಡಿ ತೆಗೆದುಕೊಳ್ಳುವುದು ಆ ಕಾನೂನಿನಂತೆ ಅಪರಾಧವಾಗಿತ್ತು. ಮರುವರ್ಷ, ಅಂದರೆ 1948ರಲ್ಲಿ, ಜಾಗ ವಶಪಡಿಸಿಕೊಳ್ಳುವ ಇನ್ನೊಂದು ಕಾನೂನು ಬಂತು. ಗೊತ್ತುಪಡಿಸಿದ ಪ್ರದೇಶದಲ್ಲಿ ಜಾಗ ಖಾಲಿಯಾದರೆ ಮಾಲಿಕನು ಸರಕಾರಕ್ಕೆ ತಿಳಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಎಂದರೆ ಖಾಲಿ ಜಾಗಗಳ ಪಟ್ಟಿಯನ್ನು ಸರಕಾರವೇ ಕೇಳಿದ ಕಾಲವೂ ಒಂದಿತ್ತು. ಆದರೂ ಖೋಲಿಗಳು ಕಿವಿಯಿಂದ ಕಿವಿಗೆ, ಕೈಯಿಂದ ಕೈಗೆ ದಾಟಿದವು. ರಸೀದಿಯಿಲ್ಲದ ಹಣ ಅವುಗಳ ಹಿಂದೆ ಹರಿಯಿತು. ಕೊನೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ಪಗಡಿಯನ್ನು ಸಕ್ರಮವೆಂದೇ ಒಪ್ಪಿಕೊಂಡಿತು. ಪಟ್ಟಿ ಕೊಡಿರೆಂದು ಬರೆದ ಮಾತ್ರಕ್ಕೆ ಪಟ್ಟಿ ಬರುವುದಿಲ್ಲ, ಕೊಡುವವನಿಗೆ ಅದರಿಂದ ನಷ್ಟವಾಗುವುದಾದರೆ ಅವನು ಬಚ್ಚಿಡುತ್ತಾನೆ ಎಂಬುದನ್ನು ಈ ಇತಿಹಾಸದಿಂದ ನಾವು ತಿಳಿಯಬೇಕು.

ಇನ್ನು ಇಂದಿನ ಪೋರ್ಟಲುಗಳ ಮಾತು. 99 ಏಕರ್ಸ್ 2005ರಲ್ಲಿ, ಮ್ಯಾಜಿಕ್‌ಬ್ರಿಕ್ಸ್ 2006ರಲ್ಲಿ ಹುಟ್ಟಿದವು. ಹೌಸಿಂಗ್ ಡಾಟ್ ಕಾಮ್ ಎಂಬುದನ್ನು 2012ರಲ್ಲಿ ನಮ್ಮ ಪವಯಿಯ ಐಐಟಿಯಲ್ಲಿ ಓದಿದ ಹುಡುಗರು ಕಟ್ಟಿದರು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನೋಬ್ರೋಕರ್, ಹೆಸರೇ ಹೇಳುವಂತೆ, ದಲ್ಲಾಳಿಯನ್ನು ಬಿಟ್ಟು ಮಾಲಿಕನನ್ನೂ ಬಾಡಿಗೆದಾರನನ್ನೂ ನೇರವಾಗಿ ಸೇರಿಸುತ್ತೇವೆಂದು ಹೊರಟಿತು. ಇವುಗಳಲ್ಲಿ ಹೆಚ್ಚಿನವು ದಲ್ಲಾಳಿಗಳಿಂದ ಹಣ ಪಡೆದು ಅವರ ಮನೆಗಳನ್ನು ಪ್ರಕಟಿಸುತ್ತವೆ. ನಾವು ಫೋನಿನಲ್ಲಿ ಒಂದು ಮನೆಯನ್ನು ನೋಡಿ ನಮ್ಮ ನಂಬರನ್ನು ಒತ್ತಿದೊಡನೆ ಆ ನಂಬರು ದಲ್ಲಾಳಿಗೆ ಹೋಗುತ್ತದೆ. ಪೋರ್ಟಲಿನವರ ಆದಾಯ ಈ ನಂಬರುಗಳಲ್ಲಿದೆ. ಮನೆಯ ಪಟ್ಟಿ ಎರೆಹುಳು, ನಮ್ಮ ನಂಬರು ಮೀನು ಎಂದರೆ ಬಹಳ ತಪ್ಪಾಗಲಾರದು.

ದಲ್ಲಾಳಿಗಳಲ್ಲಿ ಪಟ್ಟಿ ಕೊಡಲು ಹಿಂಜರಿಯುವವರು ಹೇಳುವ ಮಾತನ್ನು ನಾವು ನ್ಯಾಯವಾಗಿ ಕೇಳಬೇಕು. ಹೋಟೆಲಿನ ಕೆಲಸ ಬಿಟ್ಟು ಅಥವಾ ಗಿರಣಿ ಮುಚ್ಚಿದ ಮೇಲೆ ದಲ್ಲಾಳಿ ಕೆಲಸದಿಂದ ಸಂಸಾರ ಸಾಗಿಸಿದವರೂ ಈ ನಗರದಲ್ಲಿದ್ದಾರೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಅವರಲ್ಲಿ ಬಹುಮಂದಿ ಗಿರಣಿಗೆ ಹಿಂತಿರುಗಲಿಲ್ಲ. ಸಿಕ್ಕಿದ ಕೆಲಸ ಹಿಡಿದರು. ಇಂಥ ಸಣ್ಣ ದಲ್ಲಾಳಿ ಹೇಳುವುದಿಷ್ಟು: “ಮಾಲಿಕನ ಪರಿಚಯ ಮಾಡಿಕೊಳ್ಳಲು ನಾವು ವರ್ಷಗಟ್ಟಲೆ ಚಪ್ಪಲಿ ಸವೆಸಿದ್ದೇವೆ. ಸೊಸಾಯಿಟಿಯ ಸೆಕ್ರೆಟರಿಯನ್ನು ಒಪ್ಪಿಸುವವರು ನಾವು, ಪೊಲೀಸ್ ಠಾಣೆಗೆ ಬಾಡಿಗೆದಾರನ ವಿವರ ಕೊಡಿಸುವವರು ನಾವು, ಕರಾರು ನೋಂದಾಯಿಸುವವರು ನಾವು. ಪಟ್ಟಿಯನ್ನು ಪೋರ್ಟಲಿಗೆ ಕೊಟ್ಟ ದಿನವೇ ಬೇರೊಬ್ಬನು ನಮ್ಮ ಫೋಟೋವನ್ನೇ ತೆಗೆದು ತನ್ನ ಹೆಸರಿನಲ್ಲಿ ಹಾಕುತ್ತಾನೆ. ಗಿರಾಕಿ ಕಟ್ಟಡ ಗುರುತಿಸಿ ವಾಚ್‌ಮನ್ನನನ್ನು ಕೇಳಿ ಮಾಲಿಕನ ಮನೆಗೆ ನೇರ ಹೋಗುತ್ತಾನೆ. ನಾವು ಹಣ ಕೊಟ್ಟು ನಮ್ಮ ಗಂಟನ್ನೇ ಕಳೆದುಕೊಳ್ಳಬೇಕೇ?”

ಈ ಜಗಳ ದಿಲ್ಲಿಯವರೆಗೂ ಹೋಗಿತ್ತು. ದಲ್ಲಾಳಿಗಳ ಸಂಘಗಳ ಒಂದು ಒಕ್ಕೂಟವು ಈ ಪೋರ್ಟಲುಗಳ ಮೇಲೆ ಸ್ಪರ್ಧಾ ಆಯೋಗದಲ್ಲಿ ದೂರು ಕೊಟ್ಟು, ದಲ್ಲಾಳಿ ಹಣವೇ ಬೇಡವೆಂಬ ಆಸೆ ತೋರಿಸಿ ಇವು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿವೆ ಎಂದಿತು. ಆಯೋಗವು 2016ರಲ್ಲಿ ಆ ದೂರನ್ನು ತನಿಖೆಗೆ ಕಳುಹಿಸದೆ ಮುಗಿಸಿತು. ಕಾನೂನಿನ ದಾರಿಯಿಂದ ಪೋರ್ಟಲನ್ನು ನಿಲ್ಲಿಸಬಹುದೆಂಬ ಆಸೆ ಅಲ್ಲಿಗೆ ಬತ್ತಿತು.

ದಲ್ಲಾಳಿಯ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಗುಟ್ಟಿನ ಪಟ್ಟಿಯಿಂದ ನಮಗಾಗುವ ಕಷ್ಟವೂ ಸತ್ಯವೇ. ನಮ್ಮವನು ವಾರಕ್ಕೆ ಒಂದೇ ರಜೆ ಇರುವವನು. ಆ ಒಂದು ದಿನ ಮಾಟುಂಗದಿಂದ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗುತ್ತಾನೆ. ದಲ್ಲಾಳಿ ಎರಡು ಮನೆ ತೋರಿಸುತ್ತಾನೆ. ಒಂದರ ಬಾಡಿಗೆ ಹೇಳಿದ್ದಕ್ಕಿಂತ ಹೆಚ್ಚು, ಇನ್ನೊಂದರಲ್ಲಿ ಸಂಸಾರವಿಲ್ಲದವರಿಗೆ ಕೊಡುವುದಿಲ್ಲ. ಊರಿನಲ್ಲಿ ಹೆಂಡತಿ ಮಕ್ಕಳಿದ್ದರೂ ಇಲ್ಲಿ ಒಬ್ಬನೇ ಇದ್ದರೆ ಅವನು ‘ಬ್ಯಾಚಲರ್’ ಎಂದೇ ಲೆಕ್ಕ. ರಾತ್ರಿ ಹನ್ನೆರಡರ ಮೇಲೆ ಹೋಟೆಲು ಮುಚ್ಚಿ ಬರುವವನು ಬೇಡ ಎಂಬ ಸೊಸಾಯಿಟಿಗಳಿವೆ. ಮೀನು ತಿನ್ನುವವರು ಬೇಡ ಎಂಬವರೂ ಇದ್ದಾರೆ. ಇದನ್ನೆಲ್ಲ ಮೊದಲೇ ಪಟ್ಟಿಯಲ್ಲಿ ಬರೆದಿದ್ದರೆ ಆ ಬಡವನ ರಜೆ ಉಳಿಯುತ್ತಿತ್ತು. ಒಂದೇ ಬೀದಿಯ ಹತ್ತು ಮನೆಗಳ ಬಾಡಿಗೆ ಕಣ್ಣಿಗೆ ಕಾಣುವಂತಿದ್ದರೆ ಹನ್ನೊಂದನೆಯ ಮನೆಗೆ ಮನಸ್ಸಿಗೆ ಬಂದ ಬೆಲೆ ಹೇಳುವುದು ಕಷ್ಟ.

ಹಾಗೆಂದು ಪೋರ್ಟಲಿನಲ್ಲಿ ಇರುವುದೆಲ್ಲ ಸತ್ಯವೆಂದು ನಾವು ಹೇಳುವುದಿಲ್ಲ. ಒಂದೇ ಮನೆ ನಾಲ್ಕು ದಲ್ಲಾಳಿಗಳ ಹೆಸರಿನಲ್ಲಿ ನಾಲ್ಕು ಬೆಲೆಗೆ ಕಾಣಿಸುತ್ತದೆ. ಎಂದೋ ಬಾಡಿಗೆಗೆ ಹೋದ ಮನೆ ಇನ್ನೂ ಖಾಲಿ ಎಂದು ನಿಂತಿರುತ್ತದೆ. ಫೋನು ಮಾಡಿದರೆ “ಅದು ಹೋಯಿತು, ಬೇರೆ ಇದೆ ಬನ್ನಿ” ಎನ್ನುತ್ತಾರೆ. ದಲ್ಲಾಳಿ-ಪೋರ್ಟಲುಗಳ ಜಗಳದಲ್ಲಿ ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಬಾಡಿಗೆದಾರನು ಬಡವಾಗುತ್ತಿದ್ದಾನೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದ ದೇಶಗಳಲ್ಲಿ ಏನಾಯಿತೆಂಬುದನ್ನು ಸ್ವಲ್ಪ ನೋಡೋಣ. ಇಂಗ್ಲೆಂಡಿನಲ್ಲಿ 2000ದಲ್ಲಿ ರೈಟ್‌ಮೂವ್ ಎಂಬ ಪೋರ್ಟಲನ್ನು ಹುಟ್ಟಿಸಿದ್ದು ಮನೆ ಮಾರುವ ದೊಡ್ಡ ಏಜೆನ್ಸಿಗಳೇ. ಏಜೆಂಟರೆಲ್ಲ ತಮ್ಮ ಪಟ್ಟಿಯನ್ನು ಅದಕ್ಕೆ ಸುರಿದರು. 2006ರಲ್ಲಿ ಅದು ಲಂಡನ್ನಿನ ಶೇರು ಪೇಟೆಗೆ ಬಂತು. ಮನೆ ಹುಡುಕುವ ಜನರೆಲ್ಲ ಅಲ್ಲಿಗೇ ಹೋಗುವಂತಾದ ಮೇಲೆ ಏಜೆಂಟನು ಅದು ಕೇಳಿದ ಶುಲ್ಕ ಕೊಡದೆ ವ್ಯಾಪಾರ ಮಾಡುವುದೇ ಕಷ್ಟವಾಯಿತು. ಆಗ ಏಜೆಂಟರು ಒಟ್ಟುಗೂಡಿ 2015ರ ಜನವರಿಯಲ್ಲಿ ಆನ್‌ದಮಾರ್ಕೆಟ್ ಎಂಬ ತಮ್ಮದೇ ಪೋರ್ಟಲನ್ನು ತೆರೆದರು; ಇದರ ಸದಸ್ಯರು ಇದಲ್ಲದೆ ಇನ್ನೊಂದು ಪೋರ್ಟಲಿನಲ್ಲಿ ಮಾತ್ರ ಪಟ್ಟಿ ಹಾಕಬಹುದು ಎಂಬ ನಿಯಮವನ್ನೂ ಮಾಡಿದರು. ಆದರೆ ರೈಟ್‌ಮೂವನ್ನು ಹಿಂದೆ ಹಾಕಲು ಅವರಿಂದ ಆಗಲಿಲ್ಲ. 2023ರಲ್ಲಿ ಆ ಪೋರ್ಟಲೂ ಅಮೆರಿಕದ ಕೋಸ್ಟಾರ್ ಕಂಪೆನಿಯ ಪಾಲಾಯಿತು. ಪಟ್ಟಿಯನ್ನು ಷರತ್ತಿಲ್ಲದೆ ಕೊಟ್ಟು, ಹದಿನೈದು ವರ್ಷ ಕಳೆದ ಮೇಲೆ ಷರತ್ತು ಹಾಕಲು ಹೋದರೆ ಹೀಗಾಗುತ್ತದೆ.

ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿ ಒಂದೊಂದು ಪ್ರದೇಶದ ದಲ್ಲಾಳಿಗಳು ಸೇರಿ ಒಂದು ಸಾಮಾನ್ಯ ಪಟ್ಟಿ ಇಟ್ಟುಕೊಳ್ಳುವ ಪದ್ಧತಿ ಬಹಳ ಹಳೆಯದು. ಒಬ್ಬನ ಮನೆಯನ್ನು ಇನ್ನೊಬ್ಬನು ಮಾರಿಸಿದರೆ ದಲ್ಲಾಳಿ ಹಣವನ್ನು ಹಂಚಿಕೊಳ್ಳುತ್ತಾರೆ. ಪಟ್ಟಿಯ ಒಡೆತನ ದಲ್ಲಾಳಿಗಳಲ್ಲೇ ಉಳಿಯಿತು. ಆದರೆ ಅಲ್ಲಿ ಇನ್ನೊಂದು ರೋಗ ಹತ್ತಿತು. ಕೊಳ್ಳುವವನ ದಲ್ಲಾಳಿಗೆ ಎಷ್ಟು ಕೊಡುತ್ತೇವೆಂಬುದನ್ನೂ ಆ ಪಟ್ಟಿಯಲ್ಲೇ ಬರೆಯಬೇಕಾಗಿದ್ದುದರಿಂದ ದಲ್ಲಾಳಿ ಹಣ ಇಳಿಯಲೇ ಇಲ್ಲವೆಂದು ಮನೆ ಮಾರಿದವರು ಕೋರ್ಟಿಗೆ ಹೋದರು. 2023ರ ಅಕ್ಟೋಬರಿನಲ್ಲಿ ಮಿಸೌರಿಯ ಜ್ಯೂರಿ ದಲ್ಲಾಳಿಗಳ ವಿರುದ್ಧ ತೀರ್ಪು ಕೊಟ್ಟಿತು. 2024ರ ಮಾರ್ಚಿನಲ್ಲಿ ಅವರ ರಾಷ್ಟ್ರೀಯ ಸಂಘವು 41 ಕೋಟಿ 80 ಲಕ್ಷ ಡಾಲರು ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಆ ವರ್ಷದ ಆಗಸ್ಟ್ 17ರಿಂದ ಅಂಥ ಮೊತ್ತವನ್ನು ಆ ಪಟ್ಟಿಯಲ್ಲಿ ಹಾಕುವುದು ನಿಂತಿತು. ದಲ್ಲಾಳಿಗಳು ಒಟ್ಟುಗೂಡಿ ಪಟ್ಟಿ ಮಾಡುವುದು ಒಳ್ಳೆಯದು, ಒಟ್ಟುಗೂಡಿ ಜನರ ಜೇಬಿಗೆ ಬೆಲೆ ಕಟ್ಟುವುದು ಒಳ್ಳೆಯದಲ್ಲ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ನಮ್ಮ ಅಭಿಪ್ರಾಯವೇನು? ದಲ್ಲಾಳಿಗಳು ಪಟ್ಟಿಯನ್ನು ಪೋರ್ಟಲಿಗೆ ಕೊಡಬೇಕು. ಆದರೆ ಒಬ್ಬೊಬ್ಬನಾಗಿ ಹೋಗಿ ಸುರಿಯಬಾರದು. ತಮ್ಮ ಪ್ರದೇಶದ ದಲ್ಲಾಳಿಗಳೊಡನೆ ಕೂಡಿ ಷರತ್ತಿನ ಮೇಲೆ ಕೊಡಬೇಕು. ಕೂಲಿಯನ್ನು ಒಬ್ಬೊಬ್ಬನೇ ಚೌಕಾಸಿ ಮಾಡಿದರೆ ಸೋಲುತ್ತೇವೆ, ಸಂಘವಾಗಿ ಮಾಡಿದರೆ ಗೆಲ್ಲುತ್ತೇವೆ ಎಂಬ ಪಾಠವನ್ನು ಗಿರಣಗಾಂವ್ ಈ ನಗರಕ್ಕೆಲ್ಲ ಕಲಿಸಿದೆ. ದಲ್ಲಾಳಿಗಳಿಗೂ ಅದೇ ಪಾಠ ಸಲ್ಲುತ್ತದೆ. ಮುಲುಂಡಿನ ದಲ್ಲಾಳಿಗಳು ಮುಲುಂಡಿನದೊಂದು, ವಸಯಿಯವರು ವಸಯಿಯದೊಂದು ಸಾಮಾನ್ಯ ಪಟ್ಟಿಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳಲಿ. ಅದರ ನಕಲನ್ನು ಪೋರ್ಟಲುಗಳಿಗೆ ಕೊಡಲಿ. ಮೂಲ ಪುಸ್ತಕ ತಮ್ಮಲ್ಲಿದ್ದರೆ ಒಂದು ಪೋರ್ಟಲು ಶುಲ್ಕ ಏರಿಸಿದ ದಿನ ಇನ್ನೊಂದಕ್ಕೆ ಹೋಗಬಹುದು.

ಷರತ್ತುಗಳನ್ನೂ ಹೇಳಿಬಿಡುತ್ತೇವೆ. ಮಾಲಿಕನ ಬರಹದ ಒಪ್ಪಿಗೆಯಿಲ್ಲದೆ ಯಾವ ಮನೆಯನ್ನೂ ಪಟ್ಟಿಗೆ ಹಾಕಕೂಡದು. ಬಾಡಿಗೆ, ಡಿಪಾಜಿಟ್ಟು, ದಲ್ಲಾಳಿ ಹಣ, ಸೊಸಾಯಿಟಿಯ ಕಟ್ಟಳೆ, ನೀರು ಬರುವ ಹೊತ್ತು, ಇವಿಷ್ಟನ್ನೂ ಬರೆಯತಕ್ಕದ್ದು. ಮನೆ ಹೋದ ದಿನವೇ ಅದನ್ನು ಪಟ್ಟಿಯಿಂದ ತೆಗೆಯತಕ್ಕದ್ದು. ತೆಗೆಯದ ದಲ್ಲಾಳಿಯ ಹೆಸರನ್ನು ಪೋರ್ಟಲು ಕೆಲವು ದಿನ ಮುಚ್ಚಿಡಲಿ. ಮೊದಲು ತಂದ ದಲ್ಲಾಳಿಯ ಫೋಟೋವನ್ನು ಬೇರೆಯವನು ಬಳಸಿದರೆ ಅದನ್ನು ತೆಗೆಯುವ ಹೊಣೆ ಪೋರ್ಟಲಿನದು. ನಮ್ಮ ಫೋನ್ ನಂಬರನ್ನು ನಾವು ಕೇಳಿದ ಮನೆಯ ದಲ್ಲಾಳಿಗೆ ಮಾತ್ರ ಕೊಡಬೇಕು, ಸಾಲ ಕೊಡುವವನಿಗೂ ಸಾಮಾನು ಸಾಗಿಸುವವನಿಗೂ ಅಲ್ಲ. ದಲ್ಲಾಳಿ ಹಣ ಇಷ್ಟೇ ಎಂದು ಎಲ್ಲರೂ ಸೇರಿ ಗೊತ್ತುಮಾಡಬಾರದು. ಕಡಿಮೆ ತೆಗೆದುಕೊಳ್ಳುವೆನೆಂಬವನಿಗೆ ದಾರಿಯಿರಲಿ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. 2016ರ ಸ್ಥಿರಾಸ್ತಿ ಕಾನೂನಿನಂತೆ ನಮ್ಮ ರಾಜ್ಯದಲ್ಲಿ 2017ರಿಂದ ಮಹಾರೇರಾ ಕೆಲಸ ಮಾಡುತ್ತಿದೆ. ಹೊಸ ಕಟ್ಟಡದ ಮನೆಗಳನ್ನು ಮಾರಿಸುವ ದಲ್ಲಾಳಿ ಅಲ್ಲಿ ಹೆಸರು ನೋಂದಾಯಿಸಲೇಬೇಕು. 2023ರಲ್ಲಿ ಅವರಿಗೆ ಪರೀಕ್ಷೆಯನ್ನೂ ಇಟ್ಟಿದ್ದಾರೆ. ಅದೇ ವರ್ಷದ ಆಗಸ್ಟ್ 1ರಿಂದ ಹೊಸ ಕಟ್ಟಡಗಳ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಇರಬೇಕು. ಅದನ್ನು ಫೋನಿನಿಂದ ನೋಡಿದರೆ ಯೋಜನೆಯ ಹಣೆಬರಹವೆಲ್ಲ ತಿಳಿಯುತ್ತದೆ. ಇದು ಮನೆ ಕೊಳ್ಳುವವನಿಗೆ ದೊಡ್ಡ ಉಪಕಾರ. ಆದರೆ ಬಾಡಿಗೆಯ ಖೋಲಿ ತೋರಿಸುವ ದಲ್ಲಾಳಿಗೆ ಈ ನೋಂದಣಿಯ ಕಟ್ಟು ಇಲ್ಲ. ನಮ್ಮಲ್ಲಿ ಹೆಚ್ಚಿನವರು ಬಾಡಿಗೆಯವರು. ಬಾಡಿಗೆಯ ದಲ್ಲಾಳಿಗೂ ನೋಂದಣಿ, ಬಾಡಿಗೆಯ ಜಾಹೀರಾತಿಗೂ ನಂಬರು ಬೇಕೆಂದು ನಾವು ಸರಕಾರವನ್ನು ಕೇಳಬೇಕು. ಇದರಿಂದ ಪ್ರಾಮಾಣಿಕ ದಲ್ಲಾಳಿಗೆ ಲಾಭವೇ ಹೊರತು ನಷ್ಟವಿಲ್ಲ.

ಎಲ್ಲರಿಗೂ ಕಾಣುವ ಪಟ್ಟಿಯಿಂದ ಬಡವನಿಗೆ ಆಗುವ ಉಪಕಾರಕ್ಕೆ ಗಿರಣಿಯವರ ಬಾಳಿನಲ್ಲೇ ಒಂದು ಉದಾಹರಣೆಯಿದೆ. ಗಿರಣಿ ಜಮೀನಿನಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಮನೆಗಳಿಗೆ ಮ್ಹಾಡಾ 2012ರಲ್ಲಿ ಚೀಟಿ ಎತ್ತಿದಾಗ ಯಾರ ಹೆಸರು ಬಂತು, ಯಾರದು ಬರಲಿಲ್ಲ ಎಂಬುದು ಎಲ್ಲರ ಕಣ್ಣಮುಂದೆ ಇತ್ತು. ಮನೆಗಳು ಸಾಲದೆ ಹೋದದ್ದು ಬೇರೆ ಮಾತು. ಅದಕ್ಕಾಗಿ ಹೋರಾಟ ನಡೆಯಲೇಬೇಕು. ತಾನು ಯಾವ ದಲ್ಲಾಳಿಯನ್ನೂ ನೇಮಿಸಿಲ್ಲವೆಂದು ಮ್ಹಾಡಾ ಮತ್ತೆ ಮತ್ತೆ ಪ್ರಕಟಿಸುತ್ತದೆ. ಆದರೂ “ಒಳಗೆ ನಮ್ಮ ಕೈಯಿದೆ” ಎಂದು ಬರುವವರಿದ್ದಾರೆ. ಅಂಥವರಿಗೆ ಒಂದು ಕಾಸೂ ಕೊಡಬೇಡಿರಿ.

ಈಗ ನಮ್ಮ ಸದಸ್ಯರಿಗೆ ಎರಡು ಹಿತವಚನ. ಮನೆಯನ್ನು ಕಣ್ಣಾರೆ ನೋಡದೆ, ಮಾಲಿಕನ ಮುಖ ಕಾಣದೆ ಫೋನಿನಲ್ಲಿ ಹಣ ಕಳುಹಿಸಬೇಡಿರಿ. ಮನೆ ನೋಡಲು ಪಾಸು ಬೇಕು, ಅದಕ್ಕೆ ಮುಂಗಡ ಕೊಡಿರಿ ಎಂದರೆ ಅದು ಮೋಸವೆಂದೇ ತಿಳಿಯಿರಿ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ ಎಂದು ಹೇಳಿಕೊಂಡು ಪೋರ್ಟಲುಗಳಲ್ಲಿ ಜನರನ್ನು ಸುಲಿದವರ ಸುದ್ದಿ ಪತ್ರಿಕೆಗಳಲ್ಲಿ ಬಹಳ ಸಲ ಬಂದಿದೆ. ಕ್ಯೂಆರ್ ಕೋಡ್ ಒತ್ತಿ ಪಿನ್ ಹಾಕಿದರೆ ನಮ್ಮ ಹಣ ಹೋಗುತ್ತದೆ, ಎಂದಿಗೂ ಬರುವುದಿಲ್ಲ.

ಎರಡನೆಯದು, ಕರಾರಿನ ಮಾತು. 1999ರ ಬಾಡಿಗೆ ಕಾನೂನಿನ 55ನೆಯ ಕಲಮಿನಂತೆ ಲೀವ್ ಅಂಡ್ ಲೈಸನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು. ಹನ್ನೊಂದು ತಿಂಗಳದ್ದಾದರೂ ಬಿಡುವಂತಿಲ್ಲ. ನೋಂದಾಯಿಸುವ ಹೊಣೆ ಮಾಲಿಕನದು. ಅವನು ನೋಂದಾಯಿಸದೆ ಹೋದರೆ, ಬೇರೆ ರೀತಿ ರುಜುವಾತಾಗುವವರೆಗೆ, ಕರಾರಿನ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಖರ್ಚು ಬಹಳವೆಂದು ಹೆದರಿಸುವವರಿದ್ದಾರೆ. ಮೊದಲು ಹೇಳಿದ 15,000 ಬಾಡಿಗೆ, 50,000 ಡಿಪಾಜಿಟ್ಟಿನ ಮನೆಗೆ ಶೇಕಡಾ 0.25ರಂತೆ ಸ್ಟ್ಯಾಂಪು ಸುಮಾರು 425 ರೂಪಾಯಿ, ನಗರದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಇದರ ಮೇಲೆ ಕೇಳಿದರೆ ಅದು ಕೆಲಸ ಮಾಡಿಕೊಟ್ಟವನ ಕೂಲಿ. ಅದನ್ನು ಮಾತಾಡಿ ಗೊತ್ತುಮಾಡಿಕೊಳ್ಳಿರಿ. ಡಿಪಾಜಿಟ್ಟನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ನಗದು ಕೊಟ್ಟರೆ ಮನೆ ಬಿಡುವ ದಿನ ಅದಕ್ಕೆ ಸಾಕ್ಷಿ ಇರುವುದಿಲ್ಲ.

ಪೋರ್ಟಲಿನಲ್ಲಿ ಎಂದಿಗೂ ಕಾಣದ ಖೋಲಿಗಳೂ ಇವೆ. ಚಾಳಿನ ಮಾಳಿಗೆಯ ಖೋಲಿ, ಝೋಪಡಪಟ್ಟಿಯ ಮೇಲಂತಸ್ತು, ನಾಲ್ವರು ಹುಡುಗರು ಕೂಡಿ ಹಿಡಿಯುವ ಕೋಣೆ, ಇವುಗಳಲ್ಲಿ ಪೋರ್ಟಲಿಗೆ ಲಾಭವಿಲ್ಲ. ನಮ್ಮ ಹೊಸ ಹುಡುಗರಿಗೆ ಬೇಕಾದದ್ದು ಇವೇ. ಆದುದರಿಂದ ಸಂಘದ ಕಚೇರಿಯಲ್ಲಿ ಒಂದು ಖೋಲಿ ಪುಸ್ತಕ ಇಡಬೇಕೆಂದು ನಾವು ಸೂಚಿಸುತ್ತೇವೆ. ಯಾವ ಸದಸ್ಯನಿಗೆ ಎಲ್ಲಿ ಖಾಲಿ ಜಾಗ ಕಂಡರೂ ಅದರಲ್ಲಿ ಬರೆಸಲಿ. ತುಂಬಿದ ಕೂಡಲೇ ಹೊಡೆದುಹಾಕಿಸಲಿ. ಓದು ಬಲ್ಲ ತರುಣರು ಅದನ್ನು ವಾಟ್ಸಾಪಿನಲ್ಲಿ ದಿನಕ್ಕೊಮ್ಮೆ ಕಳುಹಿಸಲಿ. ಫೋನು ತಿಳಿಯದ ಹಿರಿಯರಿಗೆ ಭಾನುವಾರ ಒಬ್ಬರು ಕುಳಿತು ಓದಿ ಹೇಳಲಿ. ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಒಬ್ಬರಿರಲಿ. ನಮ್ಮಲ್ಲಿ ದಲ್ಲಾಳಿ ಕೆಲಸ ಮಾಡುವ ಬಂಧುಗಳಿದ್ದರೆ ಅವರೂ ತಮ್ಮ ಮನೆಗಳನ್ನು ಇದರಲ್ಲಿ ಬರೆಸಬಹುದು, ತಮ್ಮ ಕೂಲಿಯನ್ನು ಎದುರಿಗೇ ಬರೆದು. ದುಡಿದವನ ಕೂಲಿಯನ್ನು ಕಾರ್ಮಿಕರ ಸಂಘ ತಿನ್ನಲಾರದು.

ಈ ಸೂಚನೆಯನ್ನು ಸಭೆ ಒಪ್ಪುವುದಾದರೆ ಪುಸ್ತಕ ಬರೆಯುವ ಕೆಲಸಕ್ಕೆ ಇಬ್ಬರು ತರುಣರು ಇಂದೇ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.